ಪಂಪ್ ಬಿಚ್ಚಿಸುವ ಮೊದಲು: ಹಳೇ ಮಿನಿ ಟ್ರ್ಯಾಕ್ಟರ್ ಕೈಕೊಟ್ಟಾಗ ನೋಡಬೇಕಾದ್ದು

ಕನ್ನಂಬಾಡಿಯಿಂದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟರೆ ಮಂಡ್ಯ, ಪಾಂಡವಪುರ ಕಡೆ ಟ್ರ್ಯಾಕ್ಟರ್‌ಗೆ ಬಿಡುವಿರುವುದಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ಕೈಕೊಡುವುದೂ ಆಗಲೇ. ಸ್ಟಾರ್ಟ್ ಆಗಲಿಲ್ಲವೆಂದರೆ ‘ಪಂಪ್ ಹೋಗಿದೆ’ ಅನ್ನುವ ಮಾತು ಮೊದಲು ಬರುತ್ತದೆ. ತಕ್ಷಣ ನಂಬಬೇಡಿ. ಇಂಜಿನ್‌ಗೆ ಡೀಸೆಲ್ ಒತ್ತಿ ಕಳಿಸುವ ಇಂಜೆಕ್ಷನ್ ಪಂಪ್ ಸುಮ್ಮಸುಮ್ಮನೆ ಕೆಡುವುದಿಲ್ಲ, ಕೆಟ್ಟರೆ ಹೆಚ್ಚಾಗಿ ಡೀಸೆಲ್‌ನಲ್ಲಿದ್ದ ನೀರು, ಕಸದಿಂದಲೇ.

ಮೊದಲು ಇಂಜಿನ್ ಆಫ್ ಮಾಡಲು ಎಳೆಯುವ ಸ್ಟಾಪ್ ಕೇಬಲ್ ನೋಡಿ. ತುಕ್ಕು ಹಿಡಿದು ಅರ್ಧದಲ್ಲೇ ನಿಂತಿದ್ದರೆ ಪಂಪ್‌ಗೆ ಡೀಸೆಲ್ ಬಂದರೂ ಅದನ್ನು ಇಂಜಿನ್ ಒಳಗೆ ಸಿಂಪಡಿಸುವ ನಾಜಲ್‌ಗೆ ಹೋಗುವುದಿಲ್ಲ. ಆಮೇಲೆ ಸೆಲ್ಫ್ ಹೊಡೆದು ಸೈಲೆನ್ಸರ್ ಗಮನಿಸಿ. ಇಂಜಿನ್ ನಿಧಾನ ತಿರುಗಿದರೆ ತಪ್ಪು ಬ್ಯಾಟರಿ ಕಡೆ: ಟರ್ಮಿನಲ್ ಉಜ್ಜಿ, ಚಾಸಿಗೆ ಬಿಗಿದ ಅರ್ತ್ ವೈರನ್ನೂ ಬಿಚ್ಚಿ ಉಜ್ಜಿ. ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರಬೇಕು. ಇಂಜಿನ್ ಓಡುವಾಗ 13.8ರಿಂದ 14.4. ಚೆನ್ನಾಗಿ ತಿರುಗಿಯೂ ಹೊಗೆಯೇ ಇಲ್ಲವೆಂದರೆ ಡೀಸೆಲ್ ತಲುಪುತ್ತಿಲ್ಲ. ಬಿಳಿ ಹೊಗೆ ಬಂದೂ ಹತ್ತಿಕೊಳ್ಳದಿದ್ದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಆಗ ಹೀಟರ್ ಪ್ಲಗ್, ನಾಜಲ್, ಕಂಪ್ರೆಷನ್ (ಸಿಲಿಂಡರ್ ಒಳಗಿನ ಗಾಳಿಯ ಒತ್ತಡ) ನೋಡಬೇಕು.

ಡೀಸೆಲ್ ತಲುಪದಿರುವುದಕ್ಕೆ ಸಾಮಾನ್ಯ ಕಾರಣ ಡೀಸೆಲ್ ಪೈಪಿನಲ್ಲಿ ಏರ್ ಹಿಡಿಯುವುದು. ಟ್ಯಾಂಕ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್ ಇರಲಿ, ಕಾಕ್ ತೆರೆದಿರಲಿ. ಡೀಸೆಲ್ ಫಿಲ್ಟರ್ ತಲೆಯಲ್ಲಿ ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ ಕೈಪಂಪ್ ಒತ್ತಿ; ಕೈಪಂಪ್ ಇಲ್ಲದ ಗಾಡಿಯಲ್ಲಿ ಟ್ಯಾಂಕ್ ಎತ್ತರದಲ್ಲಿದ್ದರೆ ಡೀಸೆಲ್ ತಾನಾಗಿ ಇಳಿಯುತ್ತದೆ, ಕಾಯಬೇಕಷ್ಟೆ. ಮೊದಲು ಸೋಪಿನ ನೊರೆಯಂತೆ ಗುಳ್ಳೆ ಬರುತ್ತದೆ. ಗುಳ್ಳೆ ನಿಂತು ಬರೀ ಡೀಸೆಲ್ ಹರಿಯತೊಡಗಿದಾಗ, ಹರಿಯುತ್ತಿರುವಂತೆಯೇ ಸ್ಕ್ರೂ ಬಿಗಿಮಾಡಿ. ಇಂಜೆಕ್ಷನ್ ಪಂಪ್‌ನ ಸ್ಕ್ರೂನಲ್ಲೂ ಹೀಗೇ. ಆಗಲೂ ಆಗದಿದ್ದರೆ ನಾಜಲ್ ಪೈಪಿನ ನಟ್ ಅರ್ಧ ಸುತ್ತು ಸಡಿಲಿಸಿ, ಎಕ್ಸಲರೇಟರ್ ಪೂರ್ತಿ ಕೊಟ್ಟು 10 ಸೆಕೆಂಡ್ ಸೆಲ್ಫ್ ಹೊಡೆಯಿರಿ. ನಡುವೆ ಒಂದು ನಿಮಿಷ ಬಿಡುವು ಕೊಡದಿದ್ದರೆ ಸೆಲ್ಫ್ ಮೋಟಾರ್ ಸುಡುತ್ತದೆ. ನಾಜಲ್ ಬಳಿ ಬೆರಳು ಬೇಡ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ; ಹೋದರೆ ಗಾಯ ಚಿಕ್ಕದೆಂದು ಸುಮ್ಮನಿರದೆ ನೇರ ಆಸ್ಪತ್ರೆಗೆ ಹೋಗಿ.

ಏರ್ ತೆಗೆದು ಓಡಿಸಿದ ಗಾಡಿ ಮರುದಿನ ಬೆಳಿಗ್ಗೆ ಮತ್ತೆ ಹಠ ಹಿಡಿದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಎಳೆಯುವ ಜಾಗದಲ್ಲಿ ಡೀಸೆಲ್ ತೊಟ್ಟಿಕ್ಕಲೇಬೇಕೆಂದಿಲ್ಲ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ರಬ್ಬರ್ ಪೈಪಿನ ಕ್ಲಿಪ್, ಫಿಲ್ಟರ್ ಬೌಲಿನ ರಬ್ಬರ್ ರಿಂಗ್, ಬೋಲ್ಟ್ ಕೆಳಗಿನ ತಾಮ್ರದ ವಾಷರ್: ಈ ಮೂರರಲ್ಲೊಂದಿರುತ್ತದೆ. ವಾಷರ್ ಹಳೆಯದಾದರೆ ಗಟ್ಟಿಯಾಗಿ ಕೂರುವುದಿಲ್ಲ. ಹೊಸದು ಸಿಗದಿದ್ದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ತಾಮ್ರ ಮೆತ್ತಗಾಗುತ್ತದೆ. ಫಿಲ್ಟರ್ ತಳದ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಇಟ್ಟರೆ ನೀರಿದ್ದರೆ ಅಡಿಯಲ್ಲಿ ನಿಲ್ಲುತ್ತದೆ. ಟ್ಯಾಂಕ್ ತುಂಬಿಸುವುದು ಸಂಜೆಯೇ ಒಳ್ಳೆಯದು, ಖಾಲಿ ಟ್ಯಾಂಕ್ ರಾತ್ರಿ ಬೆವರುತ್ತದೆ.

ಓಡುತ್ತಿರುವ ಗಾಡಿಯಲ್ಲಿ ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಕಟ್ಟಿದೆ, ಲೋಡ್ ಹೆಚ್ಚಾಗಿದೆ ಅಥವಾ ನಾಜಲ್ ಸೋರುತ್ತಿದೆ. ನೀಲಿ ಬಂದರೆ ಆಯಿಲ್ ಸುಡುತ್ತಿದೆ. ಆಯಿಲ್ ಬಾತ್ ಫಿಲ್ಟರ್‌ಗೆ (ತಳದಲ್ಲಿ ಆಯಿಲ್ ಇರುವ ಏರ್ ಫಿಲ್ಟರ್) ಗುರುತು ಮೀರಿ ಆಯಿಲ್ ಹಾಕಿದ್ದರೂ ನೀಲಿ ಹೊಗೆ ಬರುತ್ತದೆ, ಹಾಗಾಗಿ ಪಿಸ್ಟನ್ ರಿಂಗ್ ಬದಲಾಯಿಸುವ ಮಾತಿಗೆ ಮುಂಚೆ ಅದನ್ನು ನೋಡಿಕೊಳ್ಳಿ.

ಭತ್ತದ ಗದ್ದೆಯಲ್ಲಿ ಓಡುವ ಗಾಡಿಗೆ ನಿಜವಾದ ಶತ್ರು ಗೇರ್‌ಬಾಕ್ಸ್‌ಗೆ ಇಳಿಯುವ ನೀರು. ಬಿಸಿಯಾದ ಹೌಸಿಂಗ್ ತಣ್ಣನೆ ಕೆಸರಿಗಿಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿ ಆಡುವ ಕಿಂಡಿ, ಅಂದರೆ ಬ್ರೀದರ್, ಮಣ್ಣಿನಿಂದ ಕಟ್ಟಿದ್ದರೆ ಸವೆದ ಆಕ್ಸಲ್ ಸೀಲ್ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ. ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆ. ಅನುಮಾನವಿದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಡ್ರೈನ್ ಪ್ಲಗ್ ಸ್ವಲ್ಪ ಸಡಿಲಿಸಿ, ನೀರಿದ್ದರೆ ಮೊದಲು ಅದೇ ಬರುತ್ತದೆ. ಸೀಲ್ ಹಾಕಿಸದೆ ಆಯಿಲ್ ಮಾತ್ರ ಬದಲಾಯಿಸಿದರೆ ದುಡ್ಡು ಕೆಸರಿಗೆ. ಅನೇಕ ಗಾಡಿಗಳಲ್ಲಿ ಲಿಫ್ಟ್‌ಗೂ ಇದೇ ಆಯಿಲ್. ರೋಟವೇಟರ್ ಎತ್ತುವಾಗ ಲಿಫ್ಟಿನ ಪಂಪ್ ಕಿರುಗುಟ್ಟಿದರೆ ಆಯಿಲ್ ಸೋಸುವ ಸ್ಟ್ರೇನರ್ ಬಿಚ್ಚಿ ತೊಳೆಯಿರಿ. ಗದ್ದೆಯಿಂದ ಬಂದ ದಿನವೇ ಮುಂದಿನ ಆಕ್ಸಲ್ ನಿಪ್ಪಲ್‌ಗಳಿಗೆ ಹಳೇ ಕೊಳಕು ಗ್ರೀಸ್ ಹೊರಬರುವ ತನಕ ಗ್ರೀಸ್ ಹೊಡೆಯಬೇಕು.

ಕಬ್ಬಿನ ಸಾಲಿನಲ್ಲಿ ತಲೆನೋವು ರೇಡಿಯೇಟರ್‌ನದು, ಒಣ ತರಗು ಜಾಲರಿಗೆ ಅಂಟಿ ಇಂಜಿನ್ ಬಿಸಿಯೇರುತ್ತದೆ. ಇಂಜಿನ್ ಕಡೆಯಿಂದ ಹೊರಕ್ಕೆ ಗಾಳಿ ಹೊಡೆಯಿರಿ. ಬಿಸಿ ಇರುವಾಗ ಕ್ಯಾಪ್ ತೆರೆಯಬೇಡಿ.

ಹಳೇ ಗಾಡಿಯ ಅವರ್ ಮೀಟರ್ ನಂಬುವ ಹಾಗಿಲ್ಲ. ತಂದ ದಿನವೇ ಇಂಜಿನ್ ಆಯಿಲ್, ಎಲ್ಲ ಫಿಲ್ಟರ್ ಬದಲಿಸಿ, ಫಿಲ್ಟರ್ ಮೇಲೆ ತಾರೀಕು ಬರೆಯಿರಿ. ಸಾಮಾನ್ಯವಾಗಿ 15ಡಬ್ಲ್ಯು-40 ಆಯಿಲ್, 250 ಗಂಟೆಗೊಮ್ಮೆ. ಕೈಪಿಡಿ ಬೇರೆ ಹೇಳಿದರೆ ಅದೇ ಸರಿ. ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಡೀಸೆಲ್ ಅಥವಾ ನೀರು ಸೇರುತ್ತಿದೆ. ಆಗ ಓಡಿಸಲೇಬಾರದು.

ಆಲೆಮನೆಗೆ ಕಬ್ಬು ಹೊರುವ ದಿನ ಎಡ, ಬಲ ಚಕ್ರದ ಎರಡು ಬ್ರೇಕ್ ಪೆಡಲ್‌ಗಳನ್ನು ಕೂಡಿಸುವ ಕೊಂಡಿ ಹಾಕಿ, ಖಾಲಿ ರಸ್ತೆಯಲ್ಲೊಮ್ಮೆ ಮೆಲ್ಲಗೆ ಒತ್ತಿ. ಗಾಡಿ ಒಂದು ಪಕ್ಕಕ್ಕೆ ಎಳೆದರೆ ಟ್ರೈಲರ್ ಕಟ್ಟುವ ಮೊದಲೇ ಬ್ರೇಕ್ ಸರಿಸಮ ಮಾಡಿಸಿಕೊಳ್ಳಿ.