ಟಿಮೊರಾಸೊ ಬಾಟಲಿ ತಂದರೆ ಫ್ರಿಜ್‌ನಿಂದ ಬೇಗ ಹೊರಗಿಡಿ

ಮಿಲಾನ್, ಟುರಿನ್ ಕಡೆ ಇರುವ ನಮ್ಮವರಿಗೆ ಒಂದು ಸಲಹೆ. ಬಿಳಿ ವೈನ್ ಅಂದರೆ ತೆಳು, ಮೀನಿನ ಜೊತೆಗೆ ಮಾತ್ರ ಅಂತ ಅಂದುಕೊಂಡಿದ್ದರೆ ಟಿಮೊರಾಸೊ ಕುಡಿದು ನೋಡಿ. ಇಟಲಿಯ ಪಿಯೆಮೊಂಟೆ ಪ್ರಾಂತ್ಯದ ತೊರ್ತೋನಾ ಬೆಟ್ಟಗಳ ದ್ರಾಕ್ಷಿ ಇದು. 1980ರ ಹೊತ್ತಿಗೆ ಹೆಚ್ಚುಕಡಿಮೆ ಅಳಿದೇ ಹೋಗಿತ್ತು. ವಾಲ್ಟರ್ ಮಾಸ್ಸಾ ಎಂಬ ರೈತ ಹಟ ಹಿಡಿದು ಉಳಿಸಿದರು. ಅಂಗಡಿಯಲ್ಲಿ ಲೇಬಲ್ ಮೇಲೆ ‘ಡೆರ್ತೋನಾ’ ಅಂತ ಇದ್ದರೂ ಇದೇ; ಅದು ತೊರ್ತೋನಾ ಊರಿನ ಹಳೆಯ ಹೆಸರು.

ಆಲ್ಕೋಹಾಲ್ ಸಾಮಾನ್ಯವಾಗಿ 13.5ರಿಂದ 14 ಶೇಕಡಾ. ಹುಳಿಯೂ ಜಾಸ್ತಿ. ಹಾಗಾಗಿ ಐಸ್‌ನಷ್ಟು ತಣ್ಣಗೆ ಕೊಡಬೇಡಿ, ಪರಿಮಳವೇ ಮುಚ್ಚಿಹೋಗುತ್ತದೆ. 12 ಡಿಗ್ರಿ ಸಾಕು. ಊಟಕ್ಕೆ ಇಪ್ಪತ್ತು ನಿಮಿಷ ಮುಂಚೆ ಹೊರಗಿಟ್ಟು, ದೊಡ್ಡ ಗ್ಲಾಸಿಗೆ ಸ್ವಲ್ಪವೇ ಸುರಿಯಿರಿ. ಮೊದಲು ಪೇರ್ ಹಣ್ಣಿನ ವಾಸನೆ, ಆಮೇಲೆ ಜೇನು. ನಾಲ್ಕೈದು ವರ್ಷ ಹಳೆಯದಾದರೆ ಸೀಮೆಎಣ್ಣೆಯಂಥ ಒಂದು ಎಳೆಯೂ ಬರುತ್ತದೆ. ಅದು ಕೆಟ್ಟಿದ್ದಲ್ಲ, ಚೆಲ್ಲಬೇಡಿ!

ಜೊತೆಗೆ ಏನು? ಬೆಣ್ಣೆ ಹಾಕಿದ ಅಣಬೆ ರಿಸೊಟ್ಟೊ (ಇಟಲಿಯ ಮೆತ್ತನೆ ಅನ್ನದ ಅಡುಗೆ), ಮೊಲದ ಮಾಂಸ, ಹುರಿದ ಕೋಳಿ. ನನಗೆ ಎಲ್ಲಕ್ಕಿಂತ ಇಷ್ಟ ಅದೇ ಬೆಟ್ಟದ ಕಡೆಯ ಮೊಂಟೆಬೋರೆ ಚೀಸ್. ಮೂರು ಬಿಲ್ಲೆ ಒಂದರ ಮೇಲೊಂದು, ಮದುವೆ ಕೇಕ್ ಥರ ಇರುತ್ತದೆ. ಆ ಕೊಬ್ಬನ್ನು ಈ ವೈನಿನ ಹುಳಿ ನಾಲಿಗೆಯಿಂದ ಚೆನ್ನಾಗಿ ತೊಳೆದುಬಿಡುತ್ತದೆ. ತುಂಬಾ ಖಾರದ ಅಡುಗೆಗೆ ಮಾತ್ರ ಬೇಡ, ಆಲ್ಕೋಹಾಲ್ ಸೇರಿ ಬಾಯಿ ಇನ್ನೂ ಉರಿಯುತ್ತದೆ.