ಹೆಪ್ಪು ಬೇಡಿದ ಕ್ವಾಂಟಂ ಕೀಲಿ

ರಾಯಚೂರಿನ ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ನನಗೆ ಬೆಳಕಿನ ಕಣವಾದ ಫೋಟಾನನ್ನು ಒಂಟಿಯಾಗಿ ಕಳುಹಿಸುವ ಉಪಕರಣ ಕನಸಿನ ಮಾತು. ಕೆಟ್ಟ ಕ್ಯಾಲ್ಕುಲೇಟರ್‌ಗಳ ಪರದೆಯಿಂದ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಧ್ರುವೀಕರಣ ಹಾಳೆ ಸುಲಿದು, ಮೊಬೈಲ್ ಟಾರ್ಚಿನ ಮುಂದೆ ಹಿಡಿದು, ಬೆನೆಟ್ ಮತ್ತು ಬ್ರಸಾರ್ಡ್ 1984ರಲ್ಲಿ ಸೂಚಿಸಿದ, ಬೆಳಕಿನ ಮೂಲಕ ಇಬ್ಬರು ಗುಟ್ಟಿನ ಕೀಲಿ (0, 1ಗಳ ಸಾಲು) ಹಂಚಿಕೊಳ್ಳುವ ಬಿಬಿ84 ವಿಧಾನವನ್ನು ಆಟವಾಗಿಸಿದೆ. ಏಪ್ರಿಲ್ ತಿಂಗಳು, ಕತ್ತಲೆಗೆಂದು ಕಿಟಕಿ ಮುಚ್ಚಿದ ಕೋಣೆ ಒಲೆಯಾಗಿತ್ತು.

ಕಳುಹಿಸುವವನು ಹಾಳೆಯನ್ನು 0, 90, 45, 135 ಡಿಗ್ರಿಗಳಲ್ಲಿ ಒಂದಕ್ಕೆ ತಿರುಗಿಸುತ್ತಾನೆ. 0-90 ಒಂದು ಜೋಡಿ, 45-135 ಇನ್ನೊಂದು. ಪಡೆಯುವವಳು ತನ್ನ ಹಾಳೆಯನ್ನು 0 ಇಲ್ಲವೇ 45ಕ್ಕೆ ಇಡುತ್ತಾಳೆ. ಪೂರ್ತಿ ಬೆಳಕಿಗೆ ಸೊನ್ನೆ, ಕತ್ತಲೆಗೆ ಒಂದು. ಅರೆಬೆಳಕು ಬಂದರೆ ನಾಣ್ಯ ಚಿಮ್ಮಬೇಕು. ಒಂಟಿ ಫೋಟಾನ್ ಆಗಿದ್ದರೆ ಆ ನಾಣ್ಯವನ್ನು ಪ್ರಕೃತಿಯೇ ಚಿಮ್ಮುತ್ತಿತ್ತು. ಕೊನೆಗೆ ಯಾವ ಜೋಡಿ ಆರಿಸಿದೆವು ಎಂಬುದನ್ನು ಮಾತ್ರ ಚೀಟಿ ಬರೆದು ತಿಳಿಸಿಕೊಳ್ಳುತ್ತಾರೆ. 60 ಮಿನುಗುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಇಬ್ಬರ ಆಯ್ಕೆ ಹೊಂದುತ್ತದೆ. ಅವುಗಳಲ್ಲಿ ಅರ್ಧವನ್ನು ಹೋಲಿಸಿ ತಪ್ಪು ಹುಡುಕುತ್ತಾರೆ, ಉಳಿದದ್ದು ಕೀಲಿ. ನಡುವೆ ಕದ್ದು ಅಳೆದು ಮತ್ತೆ ಕಳುಹಿಸುವವರಿದ್ದರೆ ಹೊಂದಿದವುಗಳಲ್ಲೂ ನಾಲ್ಕರಲ್ಲಿ ಒಂದರಂತೆ ತಪ್ಪು ನುಸುಳುತ್ತದೆ. ಕಳ್ಳಿಯಾಗಿದ್ದ ಹುಡುಗಿ ಮೊದಲ ಸುತ್ತಿನಲ್ಲೇ ಸಿಕ್ಕಿಬಿದ್ದಳು.

ಎರಡನೆಯ ಸುತ್ತಿನಲ್ಲಿ ಒಂದು ತಪ್ಪೂ ಇರಲಿಲ್ಲ. ನಾನು ಬೆನ್ನು ತಟ್ಟಿದೆ. ಕಳ್ಳಿಯಾಗಿದ್ದ ಹುಡುಗಿ ನಗುತ್ತಾ ಎರಡು ಕೀಲಿ ಹೊರತೆಗೆದಳು! ಆಯ್ಕೆಯ ಚೀಟಿಗಳನ್ನು ಕೋಣೆಯಿಂದ ಕೋಣೆಗೆ ಒಯ್ಯುತ್ತಿದ್ದವಳೂ ಅವಳೇ. ಅವನಿಗೆ ಇವಳಾಗಿ, ಇವಳಿಗೆ ಅವನಾಗಿ, ತಾನೇ ಚೀಟಿ ಬರೆದು ಎರಡು ಬೇರೆ ಆಟ ಆಡಿ ಮುಗಿಸಿದ್ದಳು. ಪಾಠದಲ್ಲಿ ಒಂದೇ ಸಾಲಿನಲ್ಲಿ ದಾಟಿಸುತ್ತಿದ್ದ ಗುರುತಿನ ದೃಢೀಕರಣ ಅಂದು ನನ್ನ ಕುತ್ತಿಗೆಗೆ ಬಂತು.

ವೆಗ್ಮನ್ ಮತ್ತು ಕಾರ್ಟರ್ 1981ರಲ್ಲಿ ತೋರಿಸಿದ ದಾರಿ ಹಿಡಿದೆವು. ಇಬ್ಬರಿಗೂ ಮೊದಲೇ ಗುಟ್ಟಾಗಿ ಒಂದು ಗುಣಿಸುವ ಸಂಖ್ಯೆ, ಒಂದಷ್ಟು ಕೂಡಿಸುವ ಸಂಖ್ಯೆಗಳನ್ನು ಕೊಟ್ಟೆ. ಆರಾರು ಆಯ್ಕೆಗಳನ್ನು 0, 1 ಎಂದು ಬರೆದು ಒಂದು ದ್ವಿಮಾನ ಸಂಖ್ಯೆಯಾಗಿ ಓದಿ, ಗುಣಿಸಿ, ಕೂಡಿಸಿ, 97ರಿಂದ ಭಾಗಿಸಿದರೆ ಉಳಿಯುವ ಶೇಷವೇ ಚೀಟಿಯ ಮುದ್ರೆ. ಪಡೆದವರೂ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತಾರೆ. ಆಯ್ಕೆ 18, ಗುಣಕ 23, ಕೂಡಿಸುವುದು 55 ಆದರೆ 469, ಮುದ್ರೆ 81. ಕೂಡಿಸುವ ಸಂಖ್ಯೆಯನ್ನು ಒಮ್ಮೆ ಬಳಸಿ ಹೊಡೆದುಹಾಕಬೇಕು. ಊಹಿಸಿ ಗೆಲ್ಲುವ ಅವಕಾಶ 97ರಲ್ಲಿ ಒಂದು. ಹುಡುಗಿ ಮೊದಲ ಚೀಟಿಯಲ್ಲೇ ಸೋತಳು.

“ಮೊದಲೇ ಗುಟ್ಟು ಹಂಚಿಕೊಂಡಿದ್ದರೆ ಕ್ವಾಂಟಂ ಯಾಕೆ ಸಾರ್?” ಎಂದಳು. ಅದು ಹೆಪ್ಪು, ಎಂದೆ. ಚಮಚದಷ್ಟು ಹಾಕಿದರೆ ಗಡಿಗೆ ತುಂಬ ಮೊಸರು. ಅದರಿಂದಲೇ ನಾಳೆಯ ಹೆಪ್ಪು: ಹೊಸ ಕೀಲಿಯಲ್ಲಿ ಒಂದಿಷ್ಟು ಮುಂದಿನ ಮುದ್ರೆಗಳಿಗೆ. ನಮ್ಮ ಆಟದಲ್ಲಿ ಮಾತ್ರ ಲೆಕ್ಕ ತಲೆಕೆಳಗು: ಹದಿನೈದು ಬಿಟ್‌ಗಳ (0 ಇಲ್ಲವೇ 1ರ ಒಂದೊಂದು ಅಂಕಿ) ಕೀಲಿಗೆ ಮುದ್ರೆಗಳೇ ನೂರಕ್ಕೂ ಹೆಚ್ಚು ಬಿಟ್ ನುಂಗಿದ್ದವು. ಇಡೀ ಪಟ್ಟಿಗೆ ಒಂದೇ ಮುದ್ರೆ ಒತ್ತುವ ಬಹುಪದೋಕ್ತಿಯ ಲೆಕ್ಕವನ್ನು ಮಳೆಗಾಲಕ್ಕೆ ಎತ್ತಿಟ್ಟಿದ್ದೇವೆ.