ಕಂಟೈನರ್ ಮನೆ, ವೀಕೆಂಡ್ ಬಂಗಲೆ: ಒಂದೇ ಬೀದಿಯಲ್ಲಿ ಎರಡನ್ನೂ ಕಟ್ಟಿದ ಅನುಭವ

ಸಕಲೇಶಪುರದ ಕಡೆ ಮನೆ ಕಟ್ಟಿಸಿಕೊಡುವುದು ನನ್ನ ಕೆಲಸ. ನಮ್ಮೂರಿನ ಒಂದೇ ಬೀದಿಯಲ್ಲಿ ಎರಡು ಬೇರೆ ಬೇರೆ ಥರದ ಮನೆ ಕಟ್ಟಿದ್ದೇನೆ. ಒಂದು ಬೆಂಗಳೂರಿನವರ ವೀಕೆಂಡ್ ಬಂಗಲೆ. ಎರಡಂತಸ್ತು, ಎಂಟು ಬೆಡ್‌ರೂಮು, ಮುಂದೆ ಪೂರ್ತಿ ಇಂಟರ್‌ಲಾಕ್ ಹಾಸಿದ ಅಂಗಳ. ಇನ್ನೊಂದು, ನಿವೃತ್ತ ಮೇಷ್ಟ್ರೊಬ್ಬರಿಗೆ ಎರಡು ಹಳೇ ಕಂಟೈನರ್ ಜೋಡಿಸಿ ಮಾಡಿದ 320 ಚದರಡಿಯ ಮನೆ. ಉಳಿದವೆಲ್ಲ ಹೆಂಚಿನ ಮನೆಗಳು. ತೋಟದ ಕೆಲಸಕ್ಕೆ ಹೋಗುವವರು, ಆಟೋ ಓಡಿಸುವವರು, ಸಣ್ಣ ಅಂಗಡಿ ಇಟ್ಟುಕೊಂಡವರು ಇರುವ ಬೀದಿ ಅದು.

ಬಂಗಲೆ ಏಳುವಾಗ ಯಾರೂ ತಕರಾರು ಮಾಡಲಿಲ್ಲ. ಕಂಟೈನರ್ ಬರುತ್ತೆ ಅಂತ ಗೊತ್ತಾದ ಕೂಡಲೇ ಪಂಚಾಯಿತಿಗೆ ಅರ್ಜಿ ಹೋಯಿತು. "ಏನಣ್ಣ, ನಮ್ಮ ಬೀದಿಗೆ ಲಾರಿ ಡಬ್ಬ ತಂದಿಡ್ತೀರಾ?" ಅಂತ ಪಕ್ಕದ ಮನೆಯವರು ನೇರವಾಗಿ ಕೇಳಿದರು. ಅವರ ಆತಂಕ ಸಹಜ. ಹೆದ್ದಾರಿ 75ರಲ್ಲಿ ಶಿರಾಡಿ ಘಾಟಿ ಹತ್ತಿ ಬರುವ ಕಂಟೈನರ್ ಲಾರಿಗಳನ್ನು ದಿನವೂ ನೋಡುವ ಜನ. ಅದರೊಳಗೆ ಮೇಷ್ಟ್ರು ಸಂಸಾರ ಮಾಡ್ತಾರೆ ಅಂದರೆ ನಂಬುವುದು ಕಷ್ಟ ಅಲ್ವಾ?

ಮೇಷ್ಟ್ರ ಹತ್ತಿರ ಇದ್ದದ್ದು ಎರಡು ಗುಂಟೆಯ ಇಳಿಜಾರು ಸೈಟು. 40 ಅಡಿಯ ಒಂದೇ ಕಂಟೈನರ್ ಸಾಕು ಅನ್ನುವುದು ಅವರ ಯೋಚನೆ. ಆದರೆ ಅಷ್ಟುದ್ದದ ಟ್ರೈಲರ್ ನಮ್ಮ ಬೀದಿಯ ತಿರುವಿನಲ್ಲಿ ತಿರುಗುವುದೇ ಇಲ್ಲ. ಅದಕ್ಕೇ 20 ಅಡಿಯವು ಎರಡು ತರಿಸಿದೆವು. ಒಂದೊಂದೂ 8 ಅಡಿ ಅಗಲ, ಎಂಟೂವರೆ ಅಡಿ ಎತ್ತರ. ಖಾಲಿ ತೂಕ ಎರಡು ಟನ್‌ಗಿಂತ ಸ್ವಲ್ಪ ಜಾಸ್ತಿ, ಹೈಡ್ರಾ ಕ್ರೇನ್ ಸಲೀಸಾಗಿ ಎತ್ತಿತು.

ಹಳೇ ಕಂಟೈನರ್ ಕೊಳ್ಳುವವರು ಅದರ ಒಳಗೆ ನಿಂತು ಬಾಗಿಲು ಹಾಕಿಸಿಕೊಳ್ಳಿ. ಎಲ್ಲಾದರೂ ಬೆಳಕು ಕಂಡರೆ ಅಲ್ಲಿ ತೂತಿದೆ. ಬಾಗಿಲಿಗೆ ಹೊಡೆದಿರುವ ಲೋಹದ ಫಲಕದಲ್ಲಿ ತಯಾರಾದ ವರ್ಷ ಸಿಗುತ್ತದೆ. ಬಗ್ಗಿ ಅಡಿಯ ಅಡ್ಡಪಟ್ಟಿಗಳ ತುಕ್ಕನ್ನೂ ನೋಡಿ. ನೆಲದ ಪ್ಲೈವುಡ್‌ಗೆ ಕೀಟನಾಶಕ ಹಾಕಿರುವುದುಂಟು. ನಾವು ಅದನ್ನು ಪೂರ್ತಿ ಕಿತ್ತು ಸಿಮೆಂಟ್ ಬೋರ್ಡ್ ಹಾಕಿದೆವು. ವಯಸ್ಸಾದವರು ಮಲಗಿ ಏಳುವ ಮನೆ, ಇದರಲ್ಲಿ ಉಳಿತಾಯ ನೋಡಬಾರದು.

ಕಂಟೈನರ್‌ನ ಭಾರವೆಲ್ಲ ಇಳಿಯುವುದು ನಾಲ್ಕು ಮೂಲೆಗಳಲ್ಲಿ. ಹಡಗಿನಲ್ಲಿ ತುಂಬಿದ ಕಂಟೈನರ್‌ಗಳನ್ನು ಒಂದರ ಮೇಲೊಂದು ಪೇರಿಸುವಾಗಲೂ ತೂಕ ಹೊರುವುದು ಆ ಮೂಲೆ ಕಂಬಗಳೇ. ಹಾಗಾಗಿ ಸೈಟು ಮಟ್ಟ ಮಾಡುವ ಅಗತ್ಯ ಬೀಳಲಿಲ್ಲ. ಮೂಲೆಗಳು ಬರುವ ಕಡೆ ಗಟ್ಟಿ ಮಣ್ಣು ಸಿಗುವವರೆಗೆ ಗುಂಡಿ ತೋಡಿ ಕಾಂಕ್ರೀಟ್ ಕಂಬ ಎಬ್ಬಿಸಿದೆವು. ಇಳಿಜಾರಿನ ಮೇಲಿನ ಕಡೆ ಗಿಡ್ಡ, ಕೆಳಗಿನ ಕಡೆ ಎತ್ತರ. ಮಳೆನೀರು ಮನೆಯ ಕೆಳಗೇ ಹರಿದು ಹೋಗುತ್ತದೆ. ಜೆಸಿಬಿ ಕರೆಸಲೇ ಇಲ್ಲ.

ಎರಡನ್ನೂ ಒಂದೇ ಮನೆ ಮಾಡಲು ನಡುವಿನ ಗೋಡೆಗಳನ್ನು ತೆಗೆಯಬೇಕು. ಆ ಮಡಿಕೆ ಮಡಿಕೆ ತಗಡಿನಲ್ಲೇ ಗೋಡೆಯ ಬಲ ಇರುವುದು. ಕತ್ತರಿಸಿದ ಕಡೆಯೆಲ್ಲ ಬೇರೆ ಆಧಾರ ಕೊಡಲೇಬೇಕು. ನಡುವೆ ಐ-ಬೀಮ್ ಅನ್ನುವ ಉಕ್ಕಿನ ತೊಲೆ ಕೂರಿಸಿದೆವು. ಕಿಟಕಿ, ಬಾಗಿಲುಗಳ ಸುತ್ತ ಬಾಕ್ಸ್ ಪೈಪಿನ ಚೌಕಟ್ಟು ವೆಲ್ಡ್ ಮಾಡಿಸಿದೆವು. ಲೆಕ್ಕ ಹಾಕದೆ ಸುಮ್ನೆ ಗ್ರೈಂಡರ್ ಹಿಡಿಯಲು ಯಾವ ವೆಲ್ಡರ್‌ಗೂ ಬಿಡಬೇಡಿ.

ನಮ್ಮ ಕಡೆ ಬಿಸಿಲಿಗಿಂತ ತೇವದ ಕಾಟ ದೊಡ್ಡದು. ಅಡುಗೆಯ ಹಬೆ, ಉಸಿರಿನ ಹಬೆ ತಣ್ಣನೆಯ ಉಕ್ಕಿಗೆ ತಾಗಿದರೆ ನೀರಾಗಿ ಇಳಿಯುತ್ತದೆ, ಆಮೇಲೆ ಬೂಷ್ಟು. ಅದಕ್ಕೆ ಗೋಡೆಯ ಒಳಮೈಗೆ ಸಂದಿಲ್ಲದಂತೆ ಪಫ್ ಫೋಮ್ (ಬಿಸಿ, ತಂಪು ತಡೆಯುವ ನೊರೆಯಂಥ ಲೇಪ) ಹೊಡೆಸಿ, ಮೇಲೆ ಬೋರ್ಡ್ ಮುಚ್ಚಿದೆವು. ಒಳಗಿನ ಎತ್ತರ 7 ಅಡಿ 10 ಇಂಚು ಮಾತ್ರ. ಅದನ್ನು ಇನ್ನಷ್ಟು ಕಡಿಮೆ ಮಾಡಬಾರದು ಅಂತ ಚಾವಣಿಗೆ ಮಾತ್ರ ಹೊರಗಿನಿಂದ ಫೋಮ್ ಹೊಡೆಸಿದೆವು.

ಅದರ ಮೇಲೊಂದು ಹೆಂಚಿನ ಮಾಡು. ಈ ಮನೆಯಲ್ಲಿ ನನಗೆ ಬಹಳ ಇಷ್ಟವಾದ ಕೆಲಸ ಇದು. ಕಂಟೈನರ್‌ನ ಚಾವಣಿ ತಗಡು ಎರಡು ಮಿಲಿಮೀಟರ್ ಅಷ್ಟೇ, ಹೆಂಚಿನ ಭಾರ ಅದರ ಮೇಲೆ ಹಾಕುವಂತಿಲ್ಲ. ಬೇರೆಯೇ ಕಂಬ ನೆಟ್ಟು, ಪೈಪಿನ ಟ್ರಸ್ ಕಟ್ಟಿ, ಕೆಡವಿದ ಮನೆಯೊಂದರ ಮಂಗಳೂರು ಹೆಂಚು ತಂದು ಹೊದಿಸಿದೆವು. ನಾಲ್ಕೂ ಕಡೆ ಮೂರಡಿ ಸೂರು ಬಿಟ್ಟೆವು. ತಗಡಿನ ಮೇಲೆ ಮಳೆ ಬಡಿಯುವ ಸದ್ದು ನಿಂತಿತು. ಗೋಡೆಗೆ ಇರಚಲು ಬೀಳುವುದು ಕಡಿಮೆಯಾಯಿತು, ಅಂದರೆ ತುಕ್ಕಿನ ಭಯವೂ ಕಡಿಮೆ. ಬೀದಿಯಿಂದ ನೋಡಿದರೆ ಅಕ್ಕಪಕ್ಕದ ಮನೆಗಳ ಎತ್ತರಕ್ಕೆ, ಬಣ್ಣಕ್ಕೆ ಹೊಂದಿಕೊಂಡ ಇನ್ನೊಂದು ಹೆಂಚಿನ ಮನೆ. ತಕರಾರಿನ ಮಾತು ಅಲ್ಲಿಗೆ ನಿಂತಿತು. ಉಕ್ಕಿನ ಮನೆಯಾದ್ದರಿಂದ ಅರ್ಥಿಂಗ್ ಮತ್ತು ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಎರಡನ್ನೂ ಬಿಡುವಂತಿಲ್ಲ.

ಕಂಟೈನರ್ ಮನೆ ಬಹಳ ಅಗ್ಗ ಅಂತ ಕೇಳಿ ನನ್ನ ಹತ್ತಿರ ಬರುವವರಿದ್ದಾರೆ. ಡಬ್ಬ ಅಗ್ಗ, ಮನೆ ಅಗ್ಗ ಅಲ್ಲ. ಕ್ರೇನ್, ಬೀಮ್, ಫೋಮ್, ಮಾಡು ಎಲ್ಲ ಸೇರಿದರೆ ಚದರಡಿ ಲೆಕ್ಕದಲ್ಲಿ ಸಾದಾ ಇಟ್ಟಿಗೆ ಮನೆಯ ಹತ್ತಿರ ಹತ್ತಿರ ಬರುತ್ತದೆ. ಮೇಷ್ಟ್ರಿಗೆ ದುಡ್ಡು ಉಳಿದದ್ದು ಮನೆ ಚಿಕ್ಕದಾದ್ದರಿಂದ. ಲೈಸೆನ್ಸ್ ಬೇಡ ಅನ್ನುವ ಮಾತನ್ನೂ ನಂಬಬೇಡಿ. ವಾಸಕ್ಕೆ ಅಂದ ಮೇಲೆ ಸೈಟಿನ ಇ-ಸ್ವತ್ತು ದಾಖಲೆ, ಪಂಚಾಯಿತಿ ಪರವಾನಗಿ ಎಲ್ಲ ಬೇಕು. ನಾವು ಎಲ್ಲ ಮಾಡಿಸಿದೆವು.

ಈಗ ಬಂಗಲೆಯ ಲೆಕ್ಕ ನೋಡಿ. ಚಾವಣಿ, ಅಂಗಳ ಸೇರಿ ನೀರು ಇಂಗದ ಜಾಗ ಸುಮಾರು 3,000 ಚದರಡಿ. ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಅಷ್ಟು ಜಾಗದಿಂದ 28,000 ಲೀಟರ್ ನೀರು ಹೊರಗೆ ಬರುತ್ತದೆ. ಆಷಾಢದಲ್ಲಿ ಅಂಥ ಮಳೆ ನಮಗೆ ಹೊಸದಲ್ಲ. ಆ ನೀರೆಲ್ಲ ಬೀದಿಯ ಒಂದೇ ಸಣ್ಣ ಚರಂಡಿಗೆ. ಮೇಷ್ಟ್ರ ಮನೆಯದು ಸೂರಿನ ನೀರೂ ಸೇರಿ ಐದು ಸಾವಿರ ಚಿಲ್ಲರೆ ಲೀಟರ್, ಅದೂ ಮಣ್ಣಿನ ಅಂಗಳಕ್ಕೆ ಬಿದ್ದು ಅರ್ಧಂಬರ್ಧ ಇಂಗುತ್ತದೆ.

ಕರೆಂಟಿನದೂ ಹಾಗೇ. ಬೀದಿಗಿರುವುದು 25 ಕೆವಿಎ ಟ್ರಾನ್ಸ್‌ಫಾರ್ಮರ್. ಭಾನುವಾರ ಬೆಳಗ್ಗೆ ಬಂಗಲೆಯಲ್ಲಿ ಎಂಟು ಗೀಸರ್ ಒಟ್ಟಿಗೆ ಹಾಕಿದರೆ 16 ಕಿಲೋವಾಟ್ ಅಲ್ಲೇ ಹೋಯಿತು. ಉಳಿದವರ ಮನೆಯಲ್ಲಿ ಮಿಕ್ಸಿ ಕೂಡ ಸರಿಯಾಗಿ ತಿರುಗುವುದಿಲ್ಲ. ವಾರದ ಉಳಿದ ದಿನ ಆ ಮನೆಗೆ ಬೀಗ.

ಗುಡ್ಡದ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಬಂಗಲೆಗಾಗಿ ಇಳಿಜಾರು ಕಡಿದೆವು. ತಡೆಗೋಡೆ, ನೀರು ಹೊರಬರುವ ಪೈಪು ಎಲ್ಲ ಕ್ರಮವಾಗಿಯೇ ಇವೆ. ಆದರೆ ಒಂದರ ಪಕ್ಕ ಒಂದು ಹೀಗೇ ಕಡಿಯುತ್ತಾ ಹೋದರೆ? 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದಾಗ, ಅತಿ ಮಳೆಯ ಜೊತೆಗೆ ಇಳಿಜಾರು ಕಡಿದದ್ದೂ ಕಾರಣ ಅಂತ ಭೂವಿಜ್ಞಾನಿಗಳು ಹೇಳಿದ್ದರು. ನಮ್ಮದೂ ಅದೇ ಪಶ್ಚಿಮ ಘಟ್ಟ.

2020ರಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಊರೊಳಗೂ ಗುಂಟೆ ಬೆಲೆ ಏರಿದೆ. ತೋಟದ ಕೂಲಿಯಲ್ಲಿ ಬದುಕುವವರ ಮಕ್ಕಳು ಹುಟ್ಟಿದ ಬೀದಿಯಲ್ಲೇ ಸೈಟು ಕೊಳ್ಳಲಾಗದೆ ಹಾಸನದ ಕಡೆ ಬಾಡಿಗೆ ಮನೆಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ದೊಡ್ಡ ಮನೆಯ ಕೆಲಸ ಈಗಲೂ ಒಪ್ಪಿಕೊಳ್ಳುತ್ತೇನೆ. ಆದರೆ ಪ್ಲಾನ್ ಬರೆಯುವ ಮೊದಲು ಕೇಳುತ್ತೇನೆ: "ವರ್ಷಕ್ಕೆ ಎಷ್ಟು ದಿನ ಇರ್ತೀರಾ ಸಾರ್?" ಕಡಿಮೆ ದಿನ ಅಂದರೆ ಎರಡು ಬೆಡ್‌ರೂಮಿಗೆ ಇಳಿಸಲು ಕೂತು ಮಾತಾಡುತ್ತೇನೆ. ಅಂಗಳಕ್ಕೆ ಇಂಟರ್‌ಲಾಕ್ ಬೇಡ, ಇಂಗುಗುಂಡಿ ಬೇಕೇ ಬೇಕು ಅನ್ನುತ್ತೇನೆ. ಕೆಲವರು ಒಪ್ಪುತ್ತಾರೆ.

ಪಂಚಾಯಿತಿಗೂ ಬರೆದು ಕೊಟ್ಟಿದ್ದೇನೆ. ಗೋಡೆ ಇಟ್ಟಿಗೆಯದೋ ಉಕ್ಕಿನದೋ ಅಂತ ನೋಡುವ ಬದಲು ಎಷ್ಟು ಜಾಗ ಮುಚ್ಚುತ್ತೀರಿ, ಎಷ್ಟು ಗುಡ್ಡ ಕಡಿಯುತ್ತೀರಿ, ಮಳೆನೀರು ಎಲ್ಲಿಗೆ ಬಿಡುತ್ತೀರಿ ಅಂತ ಕೇಳಿ ಪರವಾನಗಿ ಕೊಡಿ ಎಂದು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳುತ್ತೇವೆ ಅಂದಿದ್ದಾರೆ. ಬೀದಿಯವರೂ ಬರ್ತೀವಿ ಅಂದಿದ್ದಾರೆ.